ಹಚ್ಚೇನಿ ಬೇರೆ, ಹತ್ತೈತಿ ಬೇರೆ

ಪ್ರತಿ ವರ್ಷ ನಮ್ಮ ಕಾಲೇಜಿನ ಪ್ರಾಜೆಕ್ಟ್ ಎಕ್ಸಿಬಿಷನ್‌ನಲ್ಲಿ ಕಡಿಮೆ ಅಂದ್ರೂ ನಾಲ್ಕು ‘ಹೋಮ್ ಆಟೊಮೇಷನ್’ ಇದ್ದೇ ಇರ್ತಾವೆ. ಒಂದು ಥರ್ಮೋಕೋಲ್ ಮನೆ, ಒಳಗೆ ಮೂರು ಎಲ್‌ಇಡಿ, ಹೊರಗೆ ಒಂದು ಮೊಬೈಲ್. ಆ್ಯಪ್ ಒತ್ತಿದರೆ ಎಲ್‌ಇಡಿ ಹತ್ತುತ್ತದೆ, ನೋಡಲು ಬಂದವರು ತಲೆ ಅಲ್ಲಾಡಿಸಿ ಮುಂದಿನ ಟೇಬಲ್‌ಗೆ ಹೋಗ್ತಾರೆ. ಆ ಮನೆಗಳಲ್ಲಿ ನನಗೆ ಕಾಣೋ ಕೊರತೆ ಒಂದೇ: ಅಲ್ಲಿ ಯಾರೂ ವಾಸ ಇರೋದಿಲ್ಲ.

ನಾನೂ ಅದೇ ವಿಷಯ ತಗೊಂಡೆ. ಆದರೆ ನನ್ನದರಲ್ಲಿ ಆ್ಯಪ್ ಇಲ್ಲ. ಅದು ಹಾಡು ಕೇಳೋ ಸಾಫ್ಟ್‌ವೇರ್‌ಗೆ ಬರೆದ ಒಂದು ಪ್ಲಗಿನ್. ರಾಣೇಬೆನ್ನೂರಿನ ನಮ್ಮ ಕಾಕಾನ ಮನೆಯಲ್ಲಿ ಗೀಝರ್, ಮೆಟ್ಟಿಲ ಲೈಟು, ನೀರಿನ ಮೋಟಾರು ಮೂರೂ ಅದರ ಮೂಲಕ ನಡೀತವೆ. ‘ಮ್ಯೂಸಿಕ್ ಪ್ಲೇಯರ್‌ನಿಂದ ಗೀಝರ್ ಹಚ್ಚೋದು ಯಾಕಪ್ಪಾ?’ ಅಂತ ಗೈಡ್ ಕೇಳಿದರು, ಕ್ಲಾಸ್‌ಮೇಟ್‌ಗಳು ಕೇಳಿದರು, ಹಾವೇರಿಗೆ ಹೋಗೋ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದರು. ಎಲ್ಲರಿಗೂ ಸೇರಿಸಿ ಇಲ್ಲಿ ಒಮ್ಮೆ ಬರೆದುಬಿಡ್ತೀನಿ.

ಕಾಕಾ ಬ್ಯಾಡಗಿಯಲ್ಲಿ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಡಬ್ಬಿ ಯಾವುದು, ಕಡ್ಡಿ ಯಾವುದು ಅಂತ ಕಣ್ಣು ಮುಚ್ಚಿ ಹೇಳ್ತಿದ್ದರು. ಆಗ ಅದು ಆಟ. ಆಮೇಲೆ ಗ್ಲಾಕೋಮಾ ಬಂತು. ಆ ರೋಗ ಹೆಚ್ಚಿನವರಲ್ಲಿ ನೋವಿಲ್ಲದೆ ಬರುತ್ತೆ, ನೋಟದ ಅಂಚುಗಳನ್ನ ಮೊದಲು ತಿನ್ನುತ್ತೆ, ತಿಂದದ್ದನ್ನ ವಾಪಸ್ ಕೊಡೋದಿಲ್ಲ. ಐವತ್ತೆಂಟಕ್ಕೆ ಬೆಳಕೂ ಕಾಣದಂತಾಯಿತು. ಅಂಗಡಿ ಬಿಟ್ಟು ರಾಣೇಬೆನ್ನೂರಿನ ಮನೆಗೆ ಬಂದರು. ಚಿಗವ್ವ ಅಂಗನವಾಡಿ ಟೀಚರ್. ಬೆಳಿಗ್ಗೆ ಹೋದರೆ ಸಂಜೆ ನಾಲ್ಕರ ಮೇಲೆ ಬರೋದು. ಅಷ್ಟು ಹೊತ್ತು ಕಾಕಾ ಒಬ್ಬರೇ.

ಒಬ್ಬರೇ ಇರೋದು ಅವರಿಗೆ ಕಷ್ಟ ಅಲ್ಲ. ಮನೆಯೆಲ್ಲಾ ಕೈಗೆ ಗೊತ್ತು. ಸ್ವಿಚ್ ಕೆಳಗಿದೆಯೋ ಮೇಲಿದೆಯೋ ಬೆರಳಿಗೆ ತಿಳೀತದೆ. ಬೆರಳಿಗೆ ತಿಳಿಯದ ಜಾಗಗಳು ಎರಡು ಇದ್ದವು. ಮೆಟ್ಟಿಲ ಲೈಟಿಗೆ ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್, ಅಲ್ಲಿ ಗುಂಡಿ ಕೆಳಗಿದ್ದರೂ ಲೈಟ್ ಆರಿರಬಹುದು. ಇನ್ನೊಂದು ಗೀಝರ್. ಸ್ವಿಚ್ ಹಾಕಿದ್ದು ಗೊತ್ತು, ಆದರೆ ಕರೆಂಟ್ ಐತೋ ಇಲ್ಲೋ, ನೀರು ಕಾಯಾಕತ್ತೈತೋ ಇಲ್ಲೋ ಅಂತ ಹೇಳೋದು ಒಂದು ಕೆಂಪು ದೀಪ. ಒಂದು ದಿನ ಗೀಝರ್ ಹಚ್ಚಿದಾಗ ಕರೆಂಟ್ ಇರಲಿಲ್ಲ. ಕಾದು ಕಾದು ತಣ್ಣೀರು ಸ್ನಾನ ಮಾಡಿ ಬಂದರು. ಮಧ್ಯಾಹ್ನ ಕರೆಂಟ್ ಬಂತು, ಸಂಜೆ ಚಿಗವ್ವ ಬರೋತನಕ ಗೀಝರ್ ಹತ್ತಿಕೊಂಡೇ ಇತ್ತು. ಅವತ್ತಿನಿಂದ ಎದುರುಮನೆ ಹುಡುಗನ್ನ ಕರೆದು ‘ಕೆಂಪು ದೀಪ ಐತೇನೋ ನೋಡು ಬಾ’ ಅಂತ ಕೇಳೋಕೆ ಶುರು ಮಾಡಿದರು. ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟರು. ಡಿಸೆಂಬರ್‌ನಲ್ಲಿ ನಾನು ಹೋದಾಗ ದಿನಾ ತಣ್ಣೀರು ಸ್ನಾನ ನಡೆದಿತ್ತು. ಕೇಳಿದರೆ, ‘ದೀಪ ಹತ್ತೇತೇನು ಅಂತ ದಿನಾ ಒಬ್ಬರನ್ನ ಕೇಳೂದಕ್ಕಿಂತ ತಣ್ಣೀರ ಛಲೋ ಬಿಡು ತಮ್ಮಾ’ ಅಂದರು.

ಸ್ಮಾರ್ಟ್‌ಫೋನ್ ಕೊಡಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಪರದೆ ಓದಿ ಹೇಳೋ ಟಾಕ್‌ಬ್ಯಾಕ್ ಇದೆ, ಕಣ್ಣು ಕಾಣದ ಎಷ್ಟೋ ಜನ ಅದನ್ನ ನಮಗಿಂತ ಚುರುಕಾಗಿ ಬಳಸ್ತಾರೆ. ಕೊಡಿಸಿದೆವು. ಕಾಕಾಗೆ ಹಿಡಿಸಲಿಲ್ಲ. ನುಣುಪು ಗಾಜಿನ ಮೇಲೆ ಬೆರಳು ಆಡಿಸೋದು ಅವರಿಗೆ ‘ಎಣ್ಣಿ ಹಚ್ಚಿದ ತಾಟಿನ್ಯಾಗ ಸಾಸಿವಿ ಆರಿಸಿದಂಗ’. ಅವರ ಕೈಗೆ ಗುಂಡಿ ಬೇಕು. ಆ ಫೋನ್ ಈಗ ಚಿಗವ್ವನ ಹತ್ತಿರ ಇದೆ.

ಇದೇ ಕಾಕಾ ರಾತ್ರಿ ಎರಡು ಗಂಟೆಗೆ ರಾಣೇಬೆನ್ನೂರಿನ ಹಾಸಿಗೆಯಲ್ಲಿ ಕೂತು ಬ್ಯಾಡಗಿ ಹತ್ತಿರದ ನಮ್ಮ ಹೊಲಕ್ಕೆ ನೀರು ಹಾಯಿಸ್ತಾರೆ. ನಮ್ಮ ಕಡೆ ರೈತರ ಮಕ್ಕಳಿಗೆ ಇದನ್ನ ವಿವರಿಸಬೇಕಿಲ್ಲ, ಮೊಬೈಲ್ ಸ್ಟಾರ್ಟರ್. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಇಡೀ ದಿನ ಇರೋದಿಲ್ಲ, ಪಾಳಿ ಮೇಲೆ ಬರುತ್ತೆ, ಎಷ್ಟೋ ಸಲ ರಾತ್ರಿ ಪಾಳಿ. ಹಾವು ಚೇಳು ತುಳಿದುಕೊಂಡು ಹೊಲಕ್ಕೆ ಹೋಗೋ ಬದಲು ಸ್ಟಾರ್ಟರ್‌ನಲ್ಲಿರೋ ಸಿಮ್‌ಗೆ ಫೋನ್ ಹಚ್ಚಿ ಒಂದು ನಂಬರ್ ಒತ್ತಿದರೆ ಮೋಟಾರ್ ಚಾಲೂ, ಇನ್ನೊಂದು ಒತ್ತಿದರೆ ಬಂದ್. ಇದರ ಹಿಂದಿರೋದು ನಾವು ಲ್ಯಾಬ್‌ನಲ್ಲಿ ಮಾಡೋ ಡಿಟಿಎಂಎಫ್. ಪ್ರತಿ ಗುಂಡಿಗೂ ಎರಡು ನಾದ ಒಟ್ಟಿಗೆ: 1 ಒತ್ತಿದರೆ 697 ಮತ್ತು 1209 ಹರ್ಟ್ಸ್, 5 ಒತ್ತಿದರೆ 770 ಮತ್ತು 1336. ಆ ಜೋಡಿಯನ್ನ ಗುರುತಿಸಿ ಆಚೆ ಕಡೆಯ ಸರ್ಕ್ಯೂಟ್ ರಿಲೇ ಎಳೆಯುತ್ತೆ. ಅಂದರೆ ನಮ್ಮ ಹೊಲಗಳು ಎಷ್ಟೋ ವರ್ಷದಿಂದ ಸ್ವರ ಕೇಳಿ ನೀರು ಎತ್ತುತ್ತಿವೆ.

ಆದರೆ ಕಾಕಾಗೆ ಅದರಲ್ಲಿ ಇಷ್ಟವಾದದ್ದು ಬೇರೆ. ಸ್ಟಾರ್ಟರ್ ಉತ್ತರ ಕೊಡುತ್ತೆ. ಮೋಟಾರ್ ಚಾಲೂ ಆಯ್ತು ಅಂತ ಕನ್ನಡದಲ್ಲಿ ಹೇಳುತ್ತೆ, ಕರೆಂಟ್ ಇಲ್ಲದಿದ್ದರೆ ಇಲ್ಲ ಅನ್ನುತ್ತೆ, ಒಂದು ಫೇಸ್ ಹೋಗಿದ್ದರೆ ಅದನ್ನೂ ಹೇಳುತ್ತೆ. ಆ ಡಿಸೆಂಬರ್‌ನಲ್ಲೇ ಕಾಕಾ ಕೇಳಿದರು: ‘ಇನ್ನೊಂದ್ ತಾಲೂಕಿನಾಗ ಕುಂತಿರೋ ಸ್ಟಾರ್ಟರ್ ಮಾತಾಡತೈತಿ. ನಮ್ಮ ಬಚ್ಚಲದಾಗಿನ ಗೀಝರಿಗೆ ಏನ್ ಧಾಡಿ ಆಗೈತೋ, ಒಂದ್ ಮಾತ್ ಹೇಳಾಕ?’

ನನ್ನ ಪ್ರಾಜೆಕ್ಟ್‌ನ ಪ್ರಾಬ್ಲಂ ಸ್ಟೇಟ್‌ಮೆಂಟ್ ಇಷ್ಟೇ. ಸಿನಾಪ್ಸಿಸ್‌ನಲ್ಲಿ ಇಂಗ್ಲಿಷಿನಲ್ಲಿ ಮುಕ್ಕಾಲು ಪುಟ ಬರೆದಿದ್ದೀನಿ, ಆದರೆ ಇದಕ್ಕಿಂತ ಚೆನ್ನಾಗಿ ಬಂದಿಲ್ಲ.

ಮನೆಯಲ್ಲಿ ಮಾತಾಡೋ ಯಂತ್ರ ಆಗಲೇ ಒಂದಿತ್ತು. ನನ್ನ ಹಳೇ ಲ್ಯಾಪ್‌ಟಾಪ್. ಪರದೆ ಒಡೆದಿತ್ತು, ಕಾಕಾಗೆ ಪರದೆ ಯಾಕೆ ಬೇಕು? ಅದರಲ್ಲಿ ಲೈರಿಯಾನ್ ಮ್ಯೂಸಿಕ್ ಸರ್ವರ್ ಹಾಕಿ ಎರಡು ಸ್ಪೀಕರ್ ಜೋಡಿಸಿ ಕೊಟ್ಟಿದ್ದೆ. ಗಂಗೂಬಾಯಿ ಹಾನಗಲ್, ಪುಟ್ಟರಾಜ ಗವಾಯಿ, ಮಲ್ಲಿಕಾರ್ಜುನ ಮನ್ಸೂರ್, ಒಂದಿಷ್ಟು ಭಜನೆ, ಹಳೇ ಸಿನಿಮಾ ಹಾಡು. ನಡೆಸೋಕೆ ಒಂದು ಯುಎಸ್‌ಬಿ ನಂಬರ್ ಪ್ಯಾಡ್. ಅದನ್ನ ಮೊದಲ ಸಲ ಮುಟ್ಟಿದಾಗ ಕಾಕಾ ‘ಇದು ಕ್ಯಾಲ್ಕುಲೇಟರ್ ಅಲಾ!’ ಅಂದರು. ಫೋನಿನಲ್ಲಿ 1-2-3 ಮೇಲಿರುತ್ತೆ, ಕ್ಯಾಲ್ಕುಲೇಟರ್‌ನಲ್ಲೂ ಕಂಪ್ಯೂಟರಿನ ನಂಬರ್ ಪ್ಯಾಡ್‌ನಲ್ಲೂ 7-8-9 ಮೇಲೆ. ಮೂವತ್ತು ವರ್ಷ ಚೀಲದ ತೂಕ, ದರ, ಹಮಾಲಿ ಕೂಡಿಸಿದ ಬೆರಳುಗಳು ಅವು. ನಡುವಿನ 5ರ ಮೇಲಿನ ಸಣ್ಣ ಗೆರೆ ಸಿಕ್ಕರೆ ಸಾಕು, ಉಳಿದ ಗುಂಡಿ ತಾವಾಗೇ ಸಿಗ್ತಾವೆ.

ಈ ಸಾಫ್ಟ್‌ವೇರ್‌ನ ಹಿಂದಿನ ಕಥೆ ಗೊತ್ತಿರೋದು ಒಳ್ಳೇದು. 2000ದ ಆಸುಪಾಸಿನಲ್ಲಿ ಅಮೆರಿಕದ ಸ್ಲಿಮ್ ಡಿವೈಸಸ್ ಅನ್ನೋ ಸಣ್ಣ ಕಂಪನಿ ನೆಟ್‌ವರ್ಕ್‌ನಿಂದ ಹಾಡು ನುಡಿಸೋ ಪೆಟ್ಟಿಗೆ ಮಾಡಿತು, ಅದಕ್ಕೆ ಹಾಡು ಕಳಿಸೋ ಸರ್ವರನ್ನ ಪರ್ಲ್ ಭಾಷೆಯಲ್ಲಿ ಬರೆದು ಸೋರ್ಸ್ ತೆರೆದಿಟ್ಟಿತು. 2006ರಲ್ಲಿ ಲಾಜಿಟೆಕ್ ಆ ಕಂಪನಿಯನ್ನ ಕೊಂಡಿತು, 2012ರಲ್ಲಿ ಪೆಟ್ಟಿಗೆಗಳನ್ನ ಮಾಡೋದು ನಿಲ್ಲಿಸಿತು. ಸಾಫ್ಟ್‌ವೇರ್ ಮಾತ್ರ ಸಾಯಲಿಲ್ಲ. ಬಳಸೋರೇ ಅದನ್ನ ಇಟ್ಟುಕೊಂಡು ಬಂದರು, 2024ರಲ್ಲಿ ಲೈರಿಯಾನ್ ಅಂತ ಹೆಸರು ಬದಲಾಯಿತು. ಕಾಕಾನ ಗೀಝರ್ ಯಾವುದೋ ದೂರದ ಕಂಪನಿಯ ಕ್ಲೌಡ್ ಮೇಲೆ ನಿಂತಿರಬಾರದು ಅನ್ನೋ ನನಗೆ ಇಷ್ಟು ಜಾತಕ ಸಾಕಾಯಿತು.

ಪ್ಲೇಯರ್‌ಗೂ ದೀಪಕ್ಕೂ ನಂಟು ಹಾಕಿದ್ದು ನಾನೇ ಮೊದಲಲ್ಲ ಬಿಡಿ. ವಿನಾಂಪ್ ಬಂದದ್ದು 1997ರಲ್ಲಿ, ಹಾವೇರಿ ಜಿಲ್ಲೆ ಆದ ವರ್ಷವೇ. ಅದಕ್ಕೆ ಬಂದ ಪ್ಲಗಿನ್‌ಗಳಲ್ಲಿ ಕಂಪ್ಯೂಟರಿನ ಪ್ರಿಂಟರ್ ಪೋರ್ಟ್‌ನ ಎಂಟು ಡೇಟಾ ಪಿನ್‌ಗಳ ಮೂಲಕ ಹಾಡಿನ ತಾಳಕ್ಕೆ ಬಲ್ಬ್ ಕುಣಿಸೋವೂ ಇದ್ದವು. ಇನ್ನೂ ಹಿಂದೆ ಹೋದರೆ ಮಜಾ ಇದೆ. ಹೋಮ್ ಆಟೊಮೇಷನ್ ಪುಸ್ತಕಗಳಲ್ಲೆಲ್ಲ ಮೊದಲು ಬರೋ ಹೆಸರು ಎಕ್ಸ್-10, ಕರೆಂಟ್ ತಂತಿಯ ಮೇಲೇ 120 ಕಿಲೋಹರ್ಟ್ಸ್ ಸಿಗ್ನಲ್ ಕಳಿಸಿ ದೀಪ ಹಚ್ಚೋ ಪದ್ಧತಿ. ಸ್ಕಾಟ್ಲೆಂಡಿನ ಪೀಕೋ ಎಲೆಕ್ಟ್ರಾನಿಕ್ಸ್ 1975ರಲ್ಲಿ ಅದನ್ನ ಶುರು ಮಾಡಿತು. ಅದು ಅವರ ಹತ್ತನೇ ಪ್ರಾಜೆಕ್ಟ್, ಅದಕ್ಕೇ ಆ ಹೆಸರು. ಒಂಬತ್ತನೆಯದು ಏನು ಗೊತ್ತಾ? ರಿಮೋಟ್‌ನಿಂದ ಬೇಕಾದ ಹಾಡು ಆರಿಸಬಹುದಾದ ಗ್ರಾಮಫೋನ್ ಪ್ಲೇಯರ್. ಹಾಡು ದೂರದಿಂದ ಬದಲಾಯಿಸಬಹುದಾದರೆ ದೀಪ ಯಾಕಾಗಬಾರದು ಅನ್ನೋ ಯೋಚನೆ ಅಲ್ಲಿಂದ ಬಂತು. ನಮ್ಮ ಗೈಡ್‌ಗೆ ಇದನ್ನ ಹೇಳಿದ ಮೇಲೆ ‘ಯಾಕಪ್ಪಾ’ ಅನ್ನೋದು ನಿಂತಿತು.

ಈಗ ಕೆಲಸದ ಮಾತು. ಲೈರಿಯಾನ್‌ನಲ್ಲಿ ಪ್ಲಗಿನ್ ಎರಡು ಬಗೆಯಲ್ಲಿ ಉಪಯೋಗಕ್ಕೆ ಬರುತ್ತೆ. ಪ್ಲೇಯರ್ ಆನ್ ಆಯ್ತು, ಹಾಡು ನಿಂತಿತು ಅನ್ನೋ ಘಟನೆಗಳಿಗೆ ಕಿವಿಗೊಟ್ಟು ಕೂರಬಹುದು. ಅಥವಾ ನಮ್ಮದೇ ಹೊಸ ಆಜ್ಞೆಯನ್ನ ಸರ್ವರ್‌ಗೆ ಕಲಿಸಬಹುದು. ನನಗೆ ಬೇಕಿದ್ದದ್ದು ಎರಡನೆಯದು. ಕಾಕಾ 5 ಒತ್ತಿದರೆ ಹಾಡು ಶುರು ಅಥವಾ ನಿಲುಗಡೆ, 4 ಮತ್ತು 6 ಹಿಂದೆ ಮುಂದೆ, 8 ಮತ್ತು 2 ದನಿ ಏರಿಳಿತ, ಅದೆಲ್ಲ ಹಳೇದೇ. 0 ಒತ್ತಿ ಆಮೇಲೆ 1 ಒತ್ತಿದರೆ ಗೀಝರ್, 2 ಮೆಟ್ಟಿಲ ಲೈಟ್, 3 ಮೋಟಾರ್. ಆ ಆಜ್ಞೆ ಪ್ಲಗಿನ್‌ಗೆ ಬರುತ್ತೆ, ಪ್ಲಗಿನ್ ಮನೆಯ ವೈಫೈ ಮೇಲೆ ಆಯಾ ಉಪಕರಣದ ಪಕ್ಕ ಕೂತಿರೋ ಇಎಸ್‌ಪಿ8266 ಬೋರ್ಡ್‌ಗೆ ಒಂದು ಎಚ್‌ಟಿಟಿಪಿ ಕೋರಿಕೆ ಕಳಿಸುತ್ತೆ. ಬೋರ್ಡ್‌ಗಳಲ್ಲಿ ಟಾಸ್ಮೋಟಾ ಅನ್ನೋ ಮುಕ್ತ ತಂತ್ರಾಂಶ ಇದೆ. ಇಂಟರ್‌ನೆಟ್ ಬೇಕಿಲ್ಲ.

ಒಂದು ಸೂಕ್ಷ್ಮ ಇದೆ, ಇಂಥದ್ದು ಬರೆಯೋರಿಗೆ ಬೇಕಾಗುತ್ತೆ. ಈ ಸರ್ವರ್ ಒಂದೇ ಥ್ರೆಡ್‌ನಲ್ಲಿ ಓಡುತ್ತೆ. ಕರೆಂಟ್ ಹೋಗಿ ಸತ್ತಿರೋ ಬೋರ್ಡ್‌ಗೆ ಕೋರಿಕೆ ಕಳಿಸಿ ಉತ್ತರಕ್ಕೆ ಕಾಯ್ತಾ ನಿಂತರೆ, ಅಷ್ಟೂ ಹೊತ್ತು ಸರ್ವರ್ ಹಾಡು ಕಳಿಸೋದನ್ನೂ ಮರೆಯುತ್ತೆ. ಅದಕ್ಕೇ ಸರ್ವರ್‌ನಲ್ಲೇ ಇರೋ ಅಸಿಂಕ್ರನಸ್ ಎಚ್‌ಟಿಟಿಪಿ ಮಾಡ್ಯೂಲ್ ಬಳಸಬೇಕು: ಕೋರಿಕೆ ಕಳಿಸಿ ನಿನ್ನ ಕೆಲಸ ನೋಡಿಕೋ, ಉತ್ತರ ಬಂದರೆ ಈ ಫಂಕ್ಷನ್ ಕರಿ, ಐದು ಸೆಕೆಂಡ್ ಆದರೂ ಬರದಿದ್ದರೆ ಆ ಫಂಕ್ಷನ್ ಕರಿ. ಉತ್ತರ ಬರಲಿಲ್ಲ ಅನ್ನೋದೂ ಇಲ್ಲಿ ಒಂದು ಸುದ್ದಿ. ಲ್ಯಾಪ್‌ಟಾಪ್ ಮತ್ತು ರೂಟರ್ ಇನ್ವರ್ಟರ್ ಮೇಲಿವೆ, ಗೀಝರ್ ಮತ್ತು ಅದರ ಬೋರ್ಡ್ ಇಲ್ಲ. ಹಾಗಾಗಿ ಬೋರ್ಡ್ ಮೌನವಾಗಿದೆ ಅಂದರೆ ಬಹುಪಾಲು ಕರೆಂಟ್ ಹೋಗಿದೆ.

ಇನ್ನು ಮುಖ್ಯವಾದ ವಿಷಯ, ತಲೆಬರಹದ್ದು. ನಾವು ಲ್ಯಾಬ್‌ನಲ್ಲಿ ರಿಲೇ ‘ಟಕ್’ ಅಂದರೆ ಕೆಲಸ ಆಯ್ತು ಅಂತೀವಿ. ರಿಲೇ ಹೇಳೋದು ‘ಹಚ್ಚೇನಿ’ ಅಂತ ಮಾತ್ರ. ಕಾಕಾಗೆ ಬೇಕಾದದ್ದು ‘ಹತ್ತೈತಿ’. ಕಣ್ಣಿರೋರು ಈ ಎರಡರ ನಡುವಿನ ಅಂತರವನ್ನ ತಿಳಿಯದೇನೇ ತುಂಬಿಕೊಳ್ತೀವಿ, ಒಮ್ಮೆ ಕತ್ತೆತ್ತಿ ನೋಡಿದರೆ ಆಯ್ತು. ಚಿಗವ್ವ ಹಾಕಿದ ಷರತ್ತಿನಿಂದ ಅಂತರ ಇನ್ನೂ ದೊಡ್ಡದಾಯಿತು. ‘ಗ್ವಾಡಿ ಮ್ಯಾಲಿನ ಸ್ವಿಚ್ ಒಂದೂ ತಗೀಬ್ಯಾಡ, ಬಂದ ಮಂದಿ ಏನ್ ಮಾಡಬೇಕು?’ ಅಂದಳು. ಸರಿಯಾದ ಮಾತು. ಹಾಗಾಗಿ ಮೆಟ್ಟಿಲ ಲೈಟಿಗೆ ಟೂ-ವೇ ವೈರಿಂಗ್‌ನ ಒಂದು ಸ್ವಿಚ್‌ನ ಜಾಗದಲ್ಲಿ ರಿಲೇ ಇಟ್ಟು, ಆ ಸ್ವಿಚ್ಚನ್ನ ಬೋರ್ಡ್‌ನ ಇನ್‌ಪುಟ್‌ಗೆ ಕೊಟ್ಟೆ, ಅದನ್ನ ಒತ್ತಿದಾಗಲೂ ರಿಲೇ ಪಕ್ಕ ಬದಲಿಸುತ್ತೆ. ಇನ್ನೊಂದು ಸ್ವಿಚ್ ಹಾಗೇ ಇದೆ. ಈಗ ರಿಲೇ ಯಾವ ಕಡೆ ಇದ್ದರೂ ಲೈಟ್ ಹತ್ತಿದೆಯೋ ಆರಿದೆಯೋ ಹೇಳೋಕಾಗಲ್ಲ. ಸಾಫ್ಟ್‌ವೇರ್‌ಗೂ ಕಾಕಾನ ಬೆರಳಿಗೂ ಒಂದೇ ಗತಿ! ಅದಕ್ಕೆ ಬಲ್ಬ್‌ನ ಪಕ್ಕ, ಹೊರಗಿನ ಬಿಸಿಲು ಬೀಳದ ಹಾಗೆ ಸಣ್ಣ ಕೊಳವೆಯೊಳಗೆ ಒಂದು ಎಲ್‌ಡಿಆರ್ ಕೂರಿಸಿದೆ. ಬೆಳಕನ್ನೇ ನೋಡಿ ಹೇಳುತ್ತೆ. ಕೆಲವೇ ರೂಪಾಯಿಯ ಕಣ್ಣು.

ಗೀಝರ್ ಇನ್ನೂ ನಾಜೂಕು. ಎರಡು ಸಾವಿರ ವ್ಯಾಟ್, 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್. ಪ್ರಾಜೆಕ್ಟ್‌ಗಳಲ್ಲಿ ಎಲ್ಲರೂ ಬಳಸೋ ನೀಲಿ ರಿಲೇ ಮೇಲೆ 10 ಆಂಪಿಯರ್ ಅಂತ ಬರೆದಿರುತ್ತೆ, ಬಚ್ಚಲಮನೆಯಲ್ಲಿ ಆ ಬರಹವನ್ನ ನಂಬೋದು ಬೇಡ. ರಿಲೇ ಬರೀ ಕಾಂಟ್ಯಾಕ್ಟರ್‌ನ ಎಳೆಯುತ್ತೆ, ಗೀಝರ್‌ನ ಭಾರ ಕಾಂಟ್ಯಾಕ್ಟರ್ ಹೊರುತ್ತೆ. ಅದನ್ನ ಕೂರಿಸಿದ್ದು ನಾನಲ್ಲ, ವೈರ್‌ಮನ್. ಗೀಝರ್‌ನ ಒಂದು ವೈರ್ ಸುತ್ತ ಬಳೆ ಹಾಗೆ ಒಂದು ಕರೆಂಟ್ ಟ್ರಾನ್ಸ್‌ಫಾರ್ಮರ್ ಇದೆ, ಎಷ್ಟು ಆಂಪಿಯರ್ ಹರಿಯುತ್ತಿದೆ ಅಂತ ಬೋರ್ಡ್‌ಗೆ ಹೇಳೋಕೆ. ಹರಿಯುತ್ತಿದ್ದರೆ ನೀರು ಕಾಯುತ್ತಿದೆ. ಹಚ್ಚಿದ ಕೂಡಲೇ ಹರಿದು ಸ್ವಲ್ಪ ಹೊತ್ತಿಗೆ ನಿಂತರೆ ಥರ್ಮೋಸ್ಟ್ಯಾಟ್ ಕಡಿದಿದೆ, ಅಂದರೆ ನೀರು ಕಾದಿದೆ. ಹಚ್ಚಿದರೂ ಹರಿಯದೇ ಇದ್ದರೆ ಒಂದೋ ನೀರು ಮೊದಲೇ ಬಿಸಿ ಇದೆ, ಇಲ್ಲ ಕಾಯಿಲ್ ಹೋಗಿದೆ. ಕೆಂಪು ದೀಪ ಯಾವತ್ತೂ ಇಷ್ಟು ವಿವರ ಹೇಳಿರಲಿಲ್ಲ. ಕರೆಂಟ್ ಹೋಗಿ ಬಂದರೆ ಗೀಝರ್ ಆರಿಯೇ ಇರಬೇಕು ಅನ್ನೋದು ಬೋರ್ಡ್‌ನಲ್ಲಿ ಒಂದು ಸೆಟಿಂಗ್ ಅಷ್ಟೇ.

ಹೇಳೋದು ಏನು ಅಂತ ಗೊತ್ತಾಯ್ತು. ಹೇಳೋದು ಹೇಗೆ ಅನ್ನೋದಕ್ಕೆ ಇದರ ಎರಡರಷ್ಟು ದಿನ ಹಿಡಿಯಿತು. ಪ್ಲಗಿನ್ ಪ್ಲೇಯರ್‌ನ ಒಳಗೇ ಇರೋದರ ಲಾಭ ಇಲ್ಲಿದೆ. ಬೇರೆ ಡಬ್ಬಿಯೊಂದು ಮಾತಾಡಿದ್ದರೆ ಹಾಡಿನ ಸಪ್ಪಳದಲ್ಲಿ ಮುಳುಗಿ ಹೋಗ್ತಿತ್ತು. ಪ್ಲಗಿನ್‌ಗೆ ಹಾಡಿನ ದನಿ ತಗ್ಗಿಸಿ, ತಾನು ಹೇಳಿ, ಮತ್ತೆ ಏರಿಸೋಕೆ ಬರುತ್ತೆ.

ಮೊದಲು ಚಿಗವ್ವನ ದನಿಯಲ್ಲೇ ರೆಕಾರ್ಡ್ ಮಾಡಿದೆವು. ‘ಗೀಝರ್ ಹತ್ತೈತ್ರಿ, ನೀರು ಕಾಯಾಕತ್ತೈತಿ.’ ಎಷ್ಟು ಸಹಜವಾಗಿ ಬಂತು ಅಂದರೆ ಕಾಕಾ ‘ಯಾವಾಗ ಬಂದಿ?’ ಅಂತ ಉತ್ತರ ಕೊಟ್ಟರು. ಎರಡು ದಿನ ಆದ ಮೇಲೆ ಫೋನ್ ಮಾಡಿ, ‘ತಮ್ಮಾ, ಇಲ್ಲದಾಕಿ ದನಿ ಮನ್ಯಾಗ ಬ್ಯಾಡೋ’ ಅಂದರು. ತೆಗೆದೆ.

ಆಮೇಲೆ ಸ್ವರ. ಕಾಕಾ ಭಜನಾ ಮೇಳದಲ್ಲಿ ಪೇಟಿ ನುಡಿಸೋರು. ಸಾ-ಪ ಅಂತ ಏರಿದರೆ ಹತ್ತಿತು, ಪ-ಸಾ ಇಳಿದರೆ ಆರಿತು. ತಾವೇ ನುಡಿಸಿಕೊಟ್ಟರು. ಅದು ಒಂದು ವಾರ ನಡೆಯಿತು. ಗಂಗೂಬಾಯಿ ಅವರ ಷಡ್ಜ ಒಂದು ಕಡೆ, ಮನ್ಸೂರರದು ಇನ್ನೊಂದು ಕಡೆ, ಕಾಕಾನ ಪೇಟಿಯ ಸಾ ಮತ್ತೊಂದು ಕಡೆ. ವಿಲಂಬಿತ ಖ್ಯಾಲ್ ನಡುವೆ ಬೇರೆ ಶ್ರುತಿಯ ಪಂಚಮ ನುಗ್ಗಿದರೆ ಹೇಗಿರುತ್ತೆ ಅಂತ ಸಂಗೀತ ಬಲ್ಲವರು ಊಹಿಸಿಕೊಳ್ಳಿ. ಪ್ರತಿ ಹಾಡಿನ ಶ್ರುತಿ ಕಂಡುಹಿಡಿದು ಸ್ವರವನ್ನ ಅದಕ್ಕೆ ಹೊಂದಿಸೋ ಅಲ್ಗಾರಿದಮ್ ಬರೀಬೇಕು ಅಂತ ನನಗೆ ಉತ್ಸಾಹ ಬಂತು, ಒಂದು ಪೇಪರ್ ಆಗುತ್ತೆ ಅನ್ನೋ ಆಸೆಯೂ ಇತ್ತು. ಕಾಕಾ ಅದಕ್ಕೆ ಅವಕಾಶ ಕೊಡಲಿಲ್ಲ. ಗೂಟಕ್ಕೆ ನೇತುಹಾಕಿದ್ದ ತಾಳ ತೆಗೆದು ಒಮ್ಮೆ ‘ಠಣ್’ ಅನಿಸಿದರು. ‘ತಾಳ ಯಾವ ಶ್ರುತಿಗೂ ಜಗಳಾಡೂದಿಲ್ಲ. ಇದನ್ನ ಹಾಕು.’

ಈಗ ಅದೇ ಇದೆ. ಒಂದು ಪೆಟ್ಟು ಆರಿತು, ಎರಡು ಹತ್ತಿತು, ಮೂರು ಕರೆಂಟ್ ಇಲ್ಲ. ಗೀಝರ್ ನೀರು ಕಾದಾಗ ಕೈಯಿಂದ ಅದುಮಿದ ತಾಳದ ‘ಟಪ್’ ಒಂದು. ನಲವತ್ತು ನಿಮಿಷ ಮೀರಿದರೂ ಯಾರೂ ಆರಿಸದಿದ್ದರೆ ಹಾಡು ಪೂರ್ತಿ ನಿಂತು ತಾಳ ಬಾರಿಸ್ತಾನೇ ಇರುತ್ತೆ. ಉಳಿದವೆಲ್ಲ ಹಾಡಿನ ಮೇಲೇ ಹಗುರಾಗಿ ಬೀಳ್ತಾವೆ. ಮೊನ್ನೆ ಭಜನಾ ಮೇಳದವರು ಮನೆಯಲ್ಲಿ ಕೂತಾಗ ಯಾರೋ ಮೆಟ್ಟಿಲ ಲೈಟ್ ಹಾಕಿದರಂತೆ, ಎರಡು ಪೆಟ್ಟು ಬಿತ್ತು, ತಾಳ ಹಿಡಿದಿದ್ದವರು ಒಂದು ಆವರ್ತ ತಪ್ಪಿದರಂತೆ. ಮೇಳ ಇದ್ದಾಗ ಪ್ಲಗಿನ್‌ನ ಸುಮ್ಮನಿರಿಸೋಕೆ ಒಂದು ಗುಂಡಿ ಕೇಳಿದ್ದಾರೆ. 9 ಕೊಟ್ಟಿದ್ದೀನಿ.

ಸ್ನಾನ ಈಗ ಬಿಸಿನೀರಿನದು. ಎದುರುಮನೆ ಹುಡುಗ ಮೊದಲಿನ ಹಾಗೆ ಕ್ರಿಕೆಟ್ ಸ್ಕೋರ್ ಹೇಳೋಕೆ ಬರ್ತಾನೆ.

ಕಾಲೇಜಿನ ಡೆಮೊಗೆ ನಾನೂ ಒಂದು ಥರ್ಮೋಕೋಲ್ ಮನೆ ಮಾಡಬೇಕಾಯಿತು, ನಿಜವಾದ ಗೀಝರ್ ಹಾವೇರಿಗೆ ಹೊತ್ತು ತರೋಕಾಗಲ್ಲವಲ್ಲ. ಎಕ್ಸ್‌ಟರ್ನಲ್ ಸರ್ ‘ಇದರ ಮುಂದಿನ ಹಂತ ಏನು?’ ಅಂತ ಕೇಳಿದರು. ನಳದ ನೀರು ಬಂದಾಗ ತಿಳಿಸೋ ಸೆನ್ಸರ್ ಅಂತ ಹೇಳಿದೆ. ಅದು ಪಿಪಿಟಿಯ ಕೊನೇ ಸ್ಲೈಡ್‌ನಲ್ಲೂ ಇತ್ತು. ಭಾನುವಾರ ರಾಣೇಬೆನ್ನೂರಿಗೆ ಹೋಗಿ ಪೈಪಿಗೆ ಫ್ಲೋ ಸೆನ್ಸರ್ ಎಲ್ಲಿ ಕೂರಿಸಲಿ ಅಂತ ನೋಡ್ತಿದ್ದೆ. ಕಾಕಾ ಕುರ್ಚಿಯಿಂದ ಏಳದೆ, ‘ಅದ್ಯಾಕ ಬೇಕಲೇ? ನೀರು ಬರೂಕಿಂತ ಮೊದಲ ನಳ ಉಸಿರು ಬಿಡತೈತಿ, ನನಗ ಕೇಳಸ್ತೈತಿ’ ಅಂದರು. ‘ಆ ಸೆನ್ಸರ್ ವಾಪಸ್ ತಗೋತಾರೇನು ಕೇಳು ಅಂಗಡ್ಯಾಗ.’